ಕ್ಲಿಕ್ ಎಂದ ಮೇಲೆ

ಪೆಟ್ರೋಲ್ ಬಂಕಿನಲ್ಲಿ ಗನ್ ಟಕ್ ಎಂದು ತಾನಾಗಿಯೇ ನಿಲ್ಲುತ್ತದೆ. ಮೀಟರಿನಲ್ಲಿ 2,963 ರೂಪಾಯಿ. "ಮೂರು ಸಾವಿರಕ್ಕೆ ರೌಂಡ್ ಮಾಡಿಬಿಡಪ್ಪ" ಎನ್ನುತ್ತೇವೆ. ಬಂಕಿನ ಹುಡುಗ ಗನ್ನನ್ನು ತುಸು ಮೇಲೆತ್ತಿ, ಬಿಟ್ಟು ಬಿಟ್ಟು ಒತ್ತಿ, ಟ್ಯಾಂಕಿನ ಬಾಯಿಯವರೆಗೆ ತುಂಬಿಸಿ ಲೆಕ್ಕ ಸರಿಮಾಡುತ್ತಾನೆ. ಚಿಲ್ಲರೆಯ ರಗಳೆ ತಪ್ಪಿತೆಂದು ಇಬ್ಬರಿಗೂ ಸಮಾಧಾನ. ಆದರೆ ಆ ಟಕ್ ಎನ್ನುವ ಸದ್ದು ಒಂದು ತೀರ್ಮಾನ. ಕಂಪ್ಯೂಟರಿನ ನೆರವಿಲ್ಲದೆ, ಬರೀ ಗಾಳಿಯ ಒತ್ತಡದ ಲೆಕ್ಕದಲ್ಲಿ ಗನ್ ತೆಗೆದುಕೊಂಡ ತೀರ್ಮಾನ. ಅದನ್ನು ಯಾಕೆ ಮೀರಬಾರದು ಎಂದು ತಿಳಿಯಲು ಗನ್ನಿನ ಮೂತಿಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು.

ಮೂತಿಯ ತುದಿಯ ಬಳಿ ಒಂದು ಸಣ್ಣ ತೂತು ಇರುತ್ತದೆ. ಅಲ್ಲಿಂದ ತೆಳ್ಳನೆಯ ಕೊಳವೆಯೊಂದು ಒಳಗೊಳಗೇ ಹಿಡಿಯವರೆಗೆ ಹೋಗುತ್ತದೆ. ಪೆಟ್ರೋಲ್ ಗನ್ನಿನೊಳಗಿನ ಇಕ್ಕಟ್ಟಾದ ಜಾಗವನ್ನು ಹಾಯುವಾಗ ಅದರ ವೇಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ. ಹಾಗೆ ಇಳಿದ ಒತ್ತಡ ಆ ಕೊಳವೆಯ ಮೂಲಕ ಹೊರಗಿನ ಗಾಳಿಯನ್ನು ಸೆಳೆದುಕೊಳ್ಳುತ್ತಿರುತ್ತದೆ. ಟ್ಯಾಂಕ್ ತುಂಬಿ ಪೆಟ್ರೋಲ್ ತೂತನ್ನು ಮುಚ್ಚಿದ ಕೂಡಲೇ ಗಾಳಿ ಬರುವುದು ನಿಲ್ಲುತ್ತದೆ. ಕೊಳವೆಯೊಳಗಿನ ಒತ್ತಡ ಥಟ್ಟನೆ ಕುಸಿಯುತ್ತದೆ, ಒಂದು ಪೊರೆ ಒಳಕ್ಕೆ ಸೆಳೆದುಕೊಂಡು ಹಿಡಿಯ ಕೊಂಡಿಯನ್ನು ಕಳಚುತ್ತದೆ. ಅದೇ ಆ ಟಕ್.

ಆ ಸದ್ದು ಬಂದಾಗ ಟ್ಯಾಂಕಿನಲ್ಲಿ ಇನ್ನೂ ಸ್ವಲ್ಪ ಖಾಲಿ ಜಾಗ ಉಳಿದಿರುತ್ತದೆ. ಅದು ವ್ಯರ್ಥವಾದ ಜಾಗವಲ್ಲ. ಬಂಕಿನ ಪೆಟ್ರೋಲ್ ನೆಲದಡಿಯ ಟ್ಯಾಂಕಿನಿಂದ ಬರುತ್ತದೆ, ಬೇಸಿಗೆಯಲ್ಲೂ ಹೊರಗಿನ ಗಾಳಿಗಿಂತ ತಣ್ಣಗಿರುತ್ತದೆ. ಪ್ರತಿ ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಪೆಟ್ರೋಲ್ ಸುಮಾರು ಸಾವಿರಕ್ಕೆ ಒಂದು ಪಾಲು ಹಿಗ್ಗುತ್ತದೆ. ರಾಯಚೂರಿನ ಮೇ ತಿಂಗಳ ಮಧ್ಯಾಹ್ನ 40 ಲೀಟರ್ ತುಂಬಿಸಿ ಕಾರನ್ನು ಬಿಸಿಲಿಗೆ ನಿಲ್ಲಿಸಿದರೆ, ಉಷ್ಣತೆ 15 ಡಿಗ್ರಿ ಏರುವಷ್ಟರಲ್ಲಿ ಅರ್ಧ ಲೀಟರಿಗಿಂತ ಹೆಚ್ಚು ಪೆಟ್ರೋಲ್ ಹೊಸದಾಗಿ ಜಾಗ ಕೇಳುತ್ತದೆ. ಜೊತೆಗೆ ಆವಿಯೂ ಏಳುತ್ತದೆ. ಈ ಆವಿ ಗಾಳಿಗೆ ಸೇರಬಾರದೆಂದು ಈಗಿನ ಕಾರುಗಳಲ್ಲಿ ಇದ್ದಿಲಿನ ಡಬ್ಬಿಯೊಂದನ್ನು ಕೂಡಿಸಿರುತ್ತಾರೆ. ಅದರೊಳಗಿನ ಇದ್ದಿಲ ಹರಳುಗಳ ಲೆಕ್ಕವಿಲ್ಲದಷ್ಟು ಸೂಕ್ಷ್ಮರಂಧ್ರಗಳು ಆವಿಯನ್ನು ಹೀರಿ ಹಿಡಿದಿಟ್ಟುಕೊಂಡು, ಎಂಜಿನ್ ಓಡುವಾಗ ಬಿಟ್ಟುಕೊಡುತ್ತವೆ. ಆವಿಯನ್ನು ನಿಭಾಯಿಸುವ ಇದ್ದಿಲಿಗೆ ದ್ರವ ಪೆಟ್ರೋಲನ್ನು ನಿಭಾಯಿಸಲು ಬರುವುದಿಲ್ಲ. ರೌಂಡ್ ಫಿಗರಿನ ಆಸೆಗೆ ಕಂಠಮಟ್ಟ ತುಂಬಿಸಿದ ಪೆಟ್ರೋಲ್ ಅಲ್ಲಿಗೆ ಹರಿದರೆ ಡಬ್ಬಿ ಕೆಡುತ್ತದೆ. ಮೂವತ್ತೇಳು ರೂಪಾಯಿಯ ಲೆಕ್ಕ ಸರಿಹೋಗಿ ಸಾವಿರಾರು ರೂಪಾಯಿಯ ಲೆಕ್ಕ ತಪ್ಪುತ್ತದೆ.

ಈ ಅಧ್ಯಾಯದ ಮುಖ್ಯ ಮಾತೂ ಇಲ್ಲಿಯೇ ಇದೆ. ಕಾರಿನ ಪ್ರತಿಯೊಂದು ರಕ್ಷಣೆಯೂ ಒಂದು ಷರತ್ತಿನ ಮೇಲೆ ನಿಂತಿರುತ್ತದೆ. ಮೊದಲ ಟಕ್‌ಗೆ ನೀವು ನಿಲ್ಲಿಸುತ್ತೀರಿ ಎಂದು ಟ್ಯಾಂಕ್ ನಂಬಿದೆ. ನೀವು ನೆಟ್ಟಗೆ ಕೂತಿದ್ದೀರಿ ಎಂದು ಬೆಲ್ಟ್ ನಂಬಿದೆ. ನೀವು ಬೆಲ್ಟ್ ಹಾಕಿದ್ದೀರಿ ಎಂದು ಏರ್‌ಬ್ಯಾಗ್ ನಂಬಿದೆ. ಷರತ್ತು ತಪ್ಪಿದರೆ ಕೆಲವು ಸಾಧನಗಳು ಸುಮ್ಮನೆ ನಿಷ್ಪ್ರಯೋಜಕವಾಗುತ್ತವೆ, ಇನ್ನು ಕೆಲವು ನಮ್ಮನ್ನೇ ಗಾಯಗೊಳಿಸುತ್ತವೆ. ಕಾರು ಕೊಳ್ಳುವಾಗ ಎಷ್ಟು ಏರ್‌ಬ್ಯಾಗ್ ಎಂದು ಎಲ್ಲರೂ ಎಣಿಸುತ್ತೇವೆ. ಅವು ಏನನ್ನು ನಂಬಿಕೊಂಡು ಕೆಲಸ ಮಾಡುತ್ತವೆ ಎಂದು ಕೇಳುವವರು ಕಡಿಮೆ.

ಬಂಕಿನಲ್ಲೇ ಇನ್ನು ಸ್ವಲ್ಪ ಹೊತ್ತು ಇರೋಣ. ಉರಿಯುವುದು ಪೆಟ್ರೋಲ್ ಅಲ್ಲ, ಅದರ ಆವಿ. ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಬಿಡುತ್ತದೆ. ನಮ್ಮಲ್ಲಿ ಮಾರುವ ಡೀಸೆಲ್‌ಗೆ ಈ ಮಟ್ಟ ಕನಿಷ್ಠ 35 ಡಿಗ್ರಿ ಇರಬೇಕೆಂಬ ಮಾನಕವಿದೆ. ಎರಡರ ನಡುವಿನ ಅಂತರ ಇಷ್ಟು ದೊಡ್ಡದು. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು ಶೇಕಡಾ 1.4ರಿಂದ 7.6ರಷ್ಟು ಬೆರೆತಿದ್ದರೆ ಅದು ಹೊತ್ತಿಕೊಳ್ಳಬಲ್ಲದು. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೇರಿ ಚದುರಿಹೋಗದೆ ನೆಲಕ್ಕಂಟಿಕೊಂಡು ಹರಿದು, ತಗ್ಗಿನಲ್ಲಿ ಮಡುಗಟ್ಟುತ್ತದೆ. ಎಂಜಿನ್ ಆಫ್ ಮಾಡಿ ಎನ್ನುವುದು, ಬೀಡಿ ಸಿಗರೇಟು ಬೇಡ ಎನ್ನುವುದು ಈ ಕಾರಣಕ್ಕೆ. ಪ್ಲಾಸ್ಟಿಕ್ ಬಾಟಲಿಗೆ ಪೆಟ್ರೋಲ್ ಹಾಕಿಸಿಕೊಂಡು ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಳ್ಳುವವರು ಇದನ್ನು ನೆನೆಯಬೇಕು. ಮುಚ್ಚಿದ ಡಿಕ್ಕಿಯಲ್ಲಿ ಆವಿ ಹೋಗುವುದಕ್ಕೆ ಬೇರೆ ದಾರಿಯೇ ಇಲ್ಲ.

ಮೊಬೈಲಿನ ವಿಷಯಕ್ಕೆ ಬಂದರೆ, ಅದರ ರೇಡಿಯೋ ಅಲೆಗಳಿಂದ ಬಂಕಿಗೆ ಬೆಂಕಿ ಬಿತ್ತೆಂಬ ಕಥೆಗಳು ಬಹಳ ವರ್ಷಗಳಿಂದ ಹಬ್ಬಿವೆ. ಅಮೆರಿಕದಲ್ಲಿ ಬಂಕ್ ಉಪಕರಣಗಳ ಉದ್ಯಮದ ಸಂಸ್ಥೆಯಾದ ಪೆಟ್ರೋಲಿಯಂ ಇಕ್ವಿಪ್‌ಮೆಂಟ್ ಇನ್‌ಸ್ಟಿಟ್ಯೂಟ್ ಇಂಥ ಬೆಂಕಿಯ ವರದಿಗಳನ್ನು ಕಲೆಹಾಕಿ ನೋಡಿದಾಗ, ಮೊಬೈಲ್‌ನಿಂದಲೇ ಆಯಿತೆಂದು ಸಾಬೀತಾದದ್ದು ಒಂದೂ ಸಿಗಲಿಲ್ಲ. ಬದಲಿಗೆ ಸಿಕ್ಕಿದ್ದು ಸ್ಥಾಯೀ ವಿದ್ಯುತ್ತು. ಅಲ್ಲಿ ಚಾಲಕರೇ ಪೆಟ್ರೋಲ್ ತುಂಬಿಸಿಕೊಳ್ಳುತ್ತಾರೆ. ಗನ್ ಸಿಕ್ಕಿಸಿ, ಚಳಿಗೆಂದು ಮತ್ತೆ ಕಾರಿನೊಳಗೆ ಕೂರುತ್ತಾರೆ. ಎದ್ದು ಬರುವಾಗ ಬಟ್ಟೆ ಸೀಟಿಗೆ ಉಜ್ಜಿ ಮೈಮೇಲೆ ವಿದ್ಯುದಾವೇಶ ಕೂಡುತ್ತದೆ. ಹಾಗೇ ಬಂದು ಗನ್ ಮುಟ್ಟಿದರೆ, ಆವಿ ದಟ್ಟವಾಗಿರುವ ಟ್ಯಾಂಕಿನ ಬಾಯಲ್ಲೇ ಕಿಡಿ ಹಾರುತ್ತದೆ. ನಮ್ಮಲ್ಲಿ ತುಂಬಿಸುವವರು ಬೇರೆ ಇರುವುದರಿಂದ ಈ ಅಪಾಯ ಕಡಿಮೆ. ವಿದೇಶದಲ್ಲಿರುವ ಕನ್ನಡಿಗರು ಮಾತ್ರ ನೆನಪಿಡಬೇಕು: ಒಮ್ಮೆ ಇಳಿದ ಮೇಲೆ ಮತ್ತೆ ಒಳಗೆ ಕೂರಬೇಡಿ, ಕೂತರೆ, ಗನ್ ಮುಟ್ಟುವ ಮೊದಲು ಟ್ಯಾಂಕಿನ ಬಾಯಿಯಿಂದ ದೂರ ಕಾರಿನ ಲೋಹದ ಮೈಯನ್ನು ಮುಟ್ಟಿ. ಹಾಗೆಂದು ನಮ್ಮ ಬಂಕಿನ ಮೊಬೈಲ್ ಫಲಕವನ್ನು ಕಡೆಗಣಿಸಬೇಕಾಗಿಲ್ಲ. ಬಂಕಿನಲ್ಲಿ ಕಣ್ಣು ಕಿವಿ ಎರಡೂ ಎಚ್ಚರವಾಗಿರಬೇಕು ಎನ್ನುವುದೇ ಅದನ್ನು ಪಾಲಿಸಲು ಸಾಕಷ್ಟು ಒಳ್ಳೆಯ ಕಾರಣ.

ಸಿಎನ್‌ಜಿ ಕಾರಿನವರನ್ನು ಎಲ್ಲರೂ ಕೆಳಗಿಳಿಯಿರಿ ಎನ್ನುತ್ತಾರೆ. ಅದು ಬೇರೆ ಕಥೆ. ಅಲ್ಲಿನ ಅನಿಲ ಗಾಳಿಗಿಂತ ಹಗುರ, ಸೋರಿದರೂ ಮೇಲಕ್ಕೆ ಹೋಗಿಬಿಡುತ್ತದೆ. ಅಲ್ಲಿ ಹೆದರಿಕೆ ಒತ್ತಡದ್ದು. ಸಿಲಿಂಡರಿಗೆ ಸುಮಾರು 200 ಬಾರ್ ಒತ್ತಡದಲ್ಲಿ ಅನಿಲ ತುಂಬುತ್ತಾರೆ. ನಿಮ್ಮ ಟೈರಿನಲ್ಲಿರುವುದು ಎರಡು ಬಾರ್‌ಗಿಂತ ಸ್ವಲ್ಪ ಹೆಚ್ಚು ಅಷ್ಟೆ. ಮೂರು ವರ್ಷಕ್ಕೊಮ್ಮೆ ಆ ಸಿಲಿಂಡರನ್ನು ನೀರಿನ ಒತ್ತಡದಲ್ಲಿ ಪರೀಕ್ಷೆ ಮಾಡಿಸಬೇಕೆಂಬ ನಿಯಮವನ್ನು ಕಾಗದದ ಕೆಲಸವೆಂದು ಮುಂದೂಡುವವರಿದ್ದಾರೆ. ದಯವಿಟ್ಟು ಮುಂದೂಡಬೇಡಿ.

ಡೀಸೆಲ್ ಕಾರಿಗೆ ಪೆಟ್ರೋಲ್ ಬಿದ್ದರೆ ಮಾಡಬೇಕಾದದ್ದು ಒಂದೇ: ಕೀ ತಿರುಗಿಸದಿರುವುದು, ಬಟನ್ ಒತ್ತದಿರುವುದು. ಡೀಸೆಲ್ ಎಂಜಿನ್ನಿನ ಪಂಪು ಇಂಧನವನ್ನು ಸಾವಿರ, ಎರಡು ಸಾವಿರ ಬಾರ್ ಒತ್ತಡಕ್ಕೆ ಏರಿಸುತ್ತದೆ. ಅದರ ಭಾಗಗಳಿಗೆ ಜಿಡ್ಡು ಒದಗಿಸುವುದು ಡೀಸೆಲ್ಲೇ. ಪೆಟ್ರೋಲಿಗೆ ಆ ಜಿಡ್ಡಿಲ್ಲ. ಎಂಜಿನ್ ಚಾಲೂ ಆಗದಿದ್ದರೆ ಟ್ಯಾಂಕ್ ಖಾಲಿ ಮಾಡಿಸಿದರೆ ಮುಗಿಯಿತು. ಚಾಲೂ ಆದರೆ ಪಂಪಿನಿಂದ ಇಂಜೆಕ್ಟರ್‌ವರೆಗೆ ಲೋಹದ ಪುಡಿ ಸೇರುತ್ತದೆ. ಇನ್ನು ಟ್ಯಾಂಕಿನ ಮುಚ್ಚಳ ಎಡಕ್ಕೋ ಬಲಕ್ಕೋ ಎಂದು ಬಾಡಿಗೆ ಕಾರಿನಲ್ಲಿ ಗೊಂದಲವಾದರೆ, ಇಂಧನದ ಮುಳ್ಳಿನ ಪಕ್ಕದಲ್ಲಿ ಪುಟ್ಟ ಬಾಣವಿದೆಯೇ ನೋಡಿ. ಫೋರ್ಡ್ ಕಂಪನಿಯಲ್ಲಿದ್ದ ಜಿಮ್ ಮೊಯ್ಲನ್ 1986ರಲ್ಲಿ ಸೂಚಿಸಿದ ಬಾಣ ಅದು. ಈಗ ಬಹುತೇಕ ಎಲ್ಲ ಕಂಪನಿಗಳ ಕಾರುಗಳಲ್ಲೂ ಇದೆ.

ಇನ್ನು ಸೀಟಿಗೆ ಬರೋಣ. ನನ್ನ ಮಟ್ಟಿಗೆ ಕಾರಿನ ವಿಜ್ಞಾನವೆಲ್ಲ ಮಡುಗಟ್ಟಿರುವುದು ಇಲ್ಲಿ.

ಗಂಟೆಗೆ 50 ಕಿಲೋಮೀಟರ್ ವೇಗ ಬೆಂಗಳೂರಿನ ರಿಂಗ್ ರೋಡಿನಲ್ಲಿ ಯಾರಿಗೂ ವೇಗವೆನಿಸುವುದಿಲ್ಲ. ಸೆಕೆಂಡಿಗೆ ಲೆಕ್ಕ ಹಾಕಿದರೆ ಅದು ಸುಮಾರು 14 ಮೀಟರ್. ಮೂರು ಅಂತಸ್ತಿನ ಮನೆಯ ತಾರಸಿಯಿಂದ, ಅಂದರೆ ಸುಮಾರು 10 ಮೀಟರ್ ಎತ್ತರದಿಂದ ಬಿದ್ದವರು ನೆಲ ಮುಟ್ಟುವಾಗ ಇರುವ ವೇಗವೂ ಅಷ್ಟೇ. ಕಾರು ಗೋಡೆಗೆ ಬಡಿದು ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ. ಜಡತ್ವದ ನಿಯಮದಂತೆ ದೇಹ ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತಿರುತ್ತದೆ, ಏನಾದರೂ ತಡೆಯುವವರೆಗೆ. ಆ ತಡೆ ಯಾವುದು, ಎಷ್ಟು ದೂರದಲ್ಲಿ ನಿಲ್ಲಿಸುತ್ತದೆ ಎನ್ನುವುದರ ಮೇಲೆ ಜೀವ ನಿಂತಿದೆ. ಜೋರಾಗಿ ಬರುವ ಕ್ರಿಕೆಟ್ ಚೆಂಡನ್ನು ಹಿಡಿಯುವಾಗ ಕೈಯನ್ನು ಹಿಂದಕ್ಕೆಳೆದುಕೊಳ್ಳುತ್ತೇವಲ್ಲ, ಅದೇ ತತ್ವ: ನಿಲ್ಲುವ ದೂರ ಹೆಚ್ಚಿದಷ್ಟೂ ಬಲ ಕಡಿಮೆ. ಬೆಲ್ಟ್ ಇಲ್ಲದ ತಲೆ ಡ್ಯಾಶ್‌ಬೋರ್ಡಿಗೆ ಬಡಿದು ಐದು ಸೆಂಟಿಮೀಟರಿನಲ್ಲಿ ನಿಂತರೆ ಅದರ ಮೇಲಿನ ಬಲ ತನ್ನ ತೂಕದ ಸುಮಾರು 200 ಪಟ್ಟು. ಬೆಲ್ಟ್ ಹಾಕಿದ ದೇಹ, ಕಾರಿನ ಮೂಗು ಮುದುಡುವ ದೂರವನ್ನೂ ಬೆಲ್ಟ್ ಹಿಗ್ಗುವ ದೂರವನ್ನೂ ಸೇರಿಸಿಕೊಂಡು ಅರ್ಧ ಮೀಟರಿನಲ್ಲಿ ನಿಂತರೆ 20 ಪಟ್ಟು. ಒಂದು ಬಲದಲ್ಲಿ ತಲೆಬುರುಡೆ ಉಳಿಯುವುದಿಲ್ಲ, ಇನ್ನೊಂದರಲ್ಲಿ ನೋವುಂಡು ಬದುಕಬಹುದು.

"ಈಗಿನ ಕಾರುಗಳೆಲ್ಲ ತಗಡಿನ ಡಬ್ಬ, ಹಿಂದಿನವು ಕಬ್ಬಿಣ" ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಕಾರಿನ ಮೂಗು ಮುದುಡುವುದು ದೋಷವಲ್ಲ, ವಿನ್ಯಾಸ. ಮರ್ಸಿಡಿಸ್ ಬೆಂಜ್‌ನ ಎಂಜಿನಿಯರ್ ಬೇಲಾ ಬರೆನ್ಯಿ, ಮುಂಭಾಗ ಮತ್ತು ಹಿಂಭಾಗ ಮುದುಡಿ ಶಕ್ತಿಯನ್ನು ಹೀರಬೇಕು, ಜನ ಕೂರುವ ನಡುಭಾಗ ಮಾತ್ರ ಗಟ್ಟಿಯಾಗಿರಬೇಕು ಎಂದು 1950ರ ದಶಕದ ಆರಂಭದಲ್ಲೇ ಪೇಟೆಂಟ್ ಪಡೆದಿದ್ದರು. 1959ರಲ್ಲಿ ಬಂದ ಕಾರಿನಲ್ಲಿ ಅದು ಜಾರಿಗೆ ಬಂತು. ನಮ್ಮಲ್ಲಿ ಗತ್ತಿಗೆಂದು ಮುಂದೆ ಉಕ್ಕಿನ ಕ್ರ್ಯಾಶ್ ಗಾರ್ಡ್ ಹಾಕಿಸುವವರು ಈ ಮುದುಡುವಿಕೆಯನ್ನೇ ಕೆಡಿಸುತ್ತಾರೆ. ಬಲ ನೇರವಾಗಿ ಚಾಸಿಗೆ, ಅಲ್ಲಿಂದ ಕೂತವರಿಗೆ ಹೋಗುತ್ತದೆ. ಎದುರಿಗೆ ನಡೆದು ಹೋಗುವವರಿಗಂತೂ ಅದು ನೇರ ಕೊಡಲಿಯೇಟು. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇಂಥ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಬರೆಯಿತು. ಇವತ್ತಿಗೂ ಅಂಗಡಿಗಳಲ್ಲಿ ಅವು ಹೊಳೆಯುತ್ತ ನೇತಾಡುತ್ತಿವೆ.

ಅದೇ 1959ರಲ್ಲಿ ಸ್ವೀಡನ್ನಿನ ವೋಲ್ವೊ ಕಂಪನಿ ಇವತ್ತು ನಾವು ಬಳಸುವ ಮೂರು ಬಿಂದುಗಳ ಬೆಲ್ಟನ್ನು ತಂದಿತು. ರೂಪಿಸಿದವರು ನಿಲ್ಸ್ ಬೋಲಿನ್. ವೋಲ್ವೊಗೆ ಬರುವ ಮುನ್ನ ಸಾಬ್ ಕಂಪನಿಯಲ್ಲಿ ಯುದ್ಧವಿಮಾನದಿಂದ ಪೈಲಟ್ ಹೊರಚಿಮ್ಮುವ ಸೀಟುಗಳ ಮೇಲೆ ಕೆಲಸ ಮಾಡಿದವರು. ದೇಹವನ್ನು ಭಾರೀ ಬಲಕ್ಕೆ ಒಡ್ಡುವಾಗ ಎಲ್ಲಿ ಹಿಡಿಯಬೇಕು, ಎಲ್ಲಿ ಹಿಡಿಯಬಾರದು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕಿಂತ ಮುಂಚಿನ ಬೆಲ್ಟುಗಳಲ್ಲಿ ಬಕಲ್ ಹೊಟ್ಟೆಯ ಮೇಲೆ ಕೂರುತ್ತಿತ್ತು. ಡಿಕ್ಕಿಯಾದಾಗ ಅದೇ ಕರುಳು, ಗುಲ್ಮಗಳನ್ನು ಗಾಯಗೊಳಿಸುತ್ತಿತ್ತು. ಬೋಲಿನ್ ಬೆಲ್ಟನ್ನು ದೇಹದ ಗಟ್ಟಿ ಮೂಳೆಗಳ ಮೇಲೆ ಹಾಯಿಸಿದರು: ಹೆಗಲು, ಎದೆಗೂಡು, ಸೊಂಟದ ಮೂಳೆ. ಬಕಲ್ಲನ್ನು ಪಕ್ಕಕ್ಕೆ, ಸೊಂಟಕ್ಕಿಂತ ಕೆಳಕ್ಕೆ ಇಳಿಸಿದರು. ಒಂದೇ ಕೈಯಲ್ಲಿ ಹಾಕಿಕೊಳ್ಳುವಂತಿರಬೇಕು ಎಂದು ಹಟ ಹಿಡಿದರು, ಯಾಕೆಂದರೆ ಕಷ್ಟವಾದದ್ದನ್ನು ಜನ ಹಾಕಿಕೊಳ್ಳುವುದಿಲ್ಲ. ಈ ಪೇಟೆಂಟನ್ನು ವೋಲ್ವೊ ಉಳಿದ ಎಲ್ಲ ಕಂಪನಿಗಳಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ವಾಹನೋದ್ಯಮದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಔದಾರ್ಯ ನನಗೆ ಕಂಡಿಲ್ಲ.

ಬೋಲಿನ್ ಬೆಲ್ಟಿನ ಷರತ್ತು ಆ ಮೂಳೆಗಳೇ. ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ತೊಡೆಸಂದಿಗೆ ತಾಗುವಂತೆ ಸೊಂಟದ ಮೂಳೆಯ ಮೇಲೆ ಬಿಗಿಯಾಗಿ ಕೂರಬೇಕು. ಸೀಟನ್ನು ಹಿಂದಕ್ಕೆ ಒರಗಿಸಿಕೊಂಡು ನಿದ್ದೆ ಹೋಗುವವರ ವಿಷಯದಲ್ಲಿ ಇದೇ ತಪ್ಪುತ್ತದೆ. ಡಿಕ್ಕಿಯಾದಾಗ ದೇಹ ಕೆಳಪಟ್ಟಿಯ ಅಡಿಯಿಂದ ಜಾರುತ್ತದೆ, ಪಟ್ಟಿ ಹೊಟ್ಟೆಗೆ ಏರುತ್ತದೆ, ಎದೆಯ ಪಟ್ಟಿ ಕುತ್ತಿಗೆಗೆ ಬರುತ್ತದೆ. ರಾತ್ರಿ ಮಂಗಳೂರಿಗೆ ಹೊರಟ ಕಾರಿನಲ್ಲಿ ಚಾಲಕನ ಪಕ್ಕದ ಸೀಟು ಪೂರ್ತಿ ಮಲಗಿರುವುದನ್ನು ಎಷ್ಟೋ ಸಲ ನೋಡುತ್ತೇವೆ. ಗರ್ಭಿಣಿಯರು ಬೆಲ್ಟ್ ಹಾಕಬಾರದು ಎಂಬ ನಂಬಿಕೆಯೂ ಬಹಳ ಮನೆಗಳಲ್ಲಿದೆ. ಅದು ತಪ್ಪು. ಕೆಳಪಟ್ಟಿಯನ್ನು ಹೊಟ್ಟೆಯ ಉಬ್ಬಿನ ಕೆಳಗೆ, ಮೇಲಿನದನ್ನು ಎದೆಯ ನಡುವೆ, ಉಬ್ಬಿನ ಪಕ್ಕದಿಂದ ಹಾಯಿಸಿದರೆ ತಾಯಿ ಮಗು ಇಬ್ಬರಿಗೂ ಅದೇ ರಕ್ಷೆ. ಮೇಲಿನ ಪಟ್ಟಿ ಕತ್ತಿಗೆ ಉಜ್ಜುತ್ತದೆಂದು ಕಂಕುಳಿಗೆ ಸೇರಿಸಿಕೊಳ್ಳುವುದು ಇನ್ನೊಂದು ರೂಢಿ. ಆಗ ಬಲವನ್ನು ತಡೆಯುವುದು ಹೆಗಲಲ್ಲ, ಪಕ್ಕೆಲುಬು. ಬಾಗಿಲ ಕಂಬದ ಮೇಲೆ ಬೆಲ್ಟನ್ನು ಏರಿಳಿಸುವ ಗುಂಡಿಯಿದ್ದರೆ ಅದನ್ನು ಬಳಸಿ.

ಚಾರ್ಮಾಡಿ ಘಾಟಿಯ ಇಳಿಜಾರಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಬೆಲ್ಟ್ ಎಳೆದರೆ ಕೆಲವೊಮ್ಮೆ ಬರುವುದೇ ಇಲ್ಲ. ಕೆಟ್ಟಿದೆ ಎಂದುಕೊಳ್ಳುತ್ತಾರೆ. ನಿಜಕ್ಕೂ ಅದು ಸರಿಯಾಗಿದೆ ಎನ್ನುವುದಕ್ಕೆ ಅದೇ ಸಾಕ್ಷಿ. ಬೆಲ್ಟಿನ ಸುರುಳಿಯೊಳಗೆ ಒಂದು ಪುಟ್ಟ ಗುಂಡು ತಟ್ಟೆಯಲ್ಲಿ ಕೂತಿರುತ್ತದೆ. ಕಾರು ಜೋರಾಗಿ ಬ್ರೇಕ್ ಹಾಕಿದರೆ ಅಥವಾ ತೀರ ವಾಲಿದರೆ ಅದು ಸರಿದು ಸುರುಳಿಯ ಹಲ್ಲಿಗೆ ಕೊಂಡಿ ಸಿಕ್ಕಿಸುತ್ತದೆ. ಪಟ್ಟಿಯನ್ನು ಜಗ್ಗಿ ಎಳೆದರೆ ಹಿಡಿದುಕೊಳ್ಳುವ ಇನ್ನೊಂದು ಏರ್ಪಾಡೂ ಇದೆ. ಈಚಿನ ಹಲವು ಕಾರುಗಳಲ್ಲಿ ಇವೆರಡರ ಜೊತೆಗೆ ಸಣ್ಣ ಸಿಡಿಮದ್ದೊಂದು ಇರುತ್ತದೆ. ಡಿಕ್ಕಿಯಾದ ಕ್ಷಣಾರ್ಧದಲ್ಲಿ ಸಿಡಿದು ಸಡಿಲವಾಗಿದ್ದ ಬೆಲ್ಟನ್ನು ಬಿಗಿಯುತ್ತದೆ. ಅದು ಒಮ್ಮೆ ಮಾತ್ರ ಕೆಲಸ ಮಾಡುವ ಸಾಧನ. ಅಪಘಾತವಾದ ಹಳೆಯ ಕಾರು ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ವಿಚಾರಿಸಬೇಕಾದದ್ದು ಇದನ್ನು ಬದಲಿಸಿದ್ದಾರೆಯೇ ಎಂದು.

ಇಷ್ಟು ಜನರ ಇಷ್ಟು ವರ್ಷಗಳ ಬುದ್ಧಿಯನ್ನು ನೂರು ರೂಪಾಯಿಯೊಳಗಿನ ಒಂದು ತಗಡಿನ ಚೂರಿನಿಂದ ಸೋಲಿಸಬಹುದು. ಬೆಲ್ಟ್ ಹಾಕದೆ ಬೀಪ್ ಸದ್ದನ್ನು ಮಾತ್ರ ನಿಲ್ಲಿಸುವ ಖಾಲಿ ಕ್ಲಿಪ್ಪುಗಳು ಆನ್‌ಲೈನಿನಲ್ಲಿ ಎಷ್ಟು ಧಾರಾಳವಾಗಿ ಮಾರಾಟವಾಗುತ್ತಿದ್ದವೆಂದರೆ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಐದು ದೊಡ್ಡ ಮಾರಾಟ ಜಾಲಗಳಿಗೆ ಅವನ್ನು ತೆಗೆದುಹಾಕಲು ಆದೇಶ ಕೊಡಬೇಕಾಯಿತು. ಕಾರಿನ ಕಂಪ್ಯೂಟರಿಗೆ ನೀವು ಬೆಲ್ಟ್ ಹಾಕಿದ್ದೀರಿ ಎಂಬ ಸುಳ್ಳು ಸುದ್ದಿಯನ್ನು ಆ ಕ್ಲಿಪ್ ಕೊಡುತ್ತದೆ. ಏರ್‌ಬ್ಯಾಗಿನ ಎಣಿಕೆಯೆಲ್ಲ ಆ ಸುದ್ದಿಯನ್ನು ಆಧರಿಸಿದ್ದು.

ಏರ್‌ಬ್ಯಾಗ್ ಮೆತ್ತನೆಯ ದಿಂಬು ಎಂಬ ಕಲ್ಪನೆ ಹೇಗೋ ಬೆಳೆದುಬಿಟ್ಟಿದೆ. ಅದು ಸುಮಾರು 30 ಮಿಲಿಸೆಕೆಂಡಿನಲ್ಲಿ ಉಬ್ಬುತ್ತದೆ. ಒಮ್ಮೆ ಕಣ್ಣು ಮಿಟುಕಿಸಲು ಇದರ ಮೂರು ಪಟ್ಟಿಗೂ ಹೆಚ್ಚು ಕಾಲ ಬೇಕು. ಅಷ್ಟು ಬೇಗ ಉಬ್ಬಬೇಕಾದರೆ ರಾಸಾಯನಿಕವೊಂದು ಸ್ಫೋಟದ ವೇಗದಲ್ಲಿ ಅನಿಲವಾಗಬೇಕು. ಪೂರ್ತಿ ಉಬ್ಬಿ, ಹಿಂದಿನ ತೂತುಗಳಿಂದ ಗಾಳಿ ಬಿಡುತ್ತಿರುವ ಚೀಲಕ್ಕೆ ಮುಖ ತಾಗಿದರೆ ರಕ್ಷಣೆ. ಇನ್ನೂ ಉಬ್ಬುತ್ತಿರುವ ಚೀಲಕ್ಕೆ ತಾಗಿದರೆ ಹೊಡೆತ. ಬೆಲ್ಟ್ ಮಾಡುವ ದೊಡ್ಡ ಉಪಕಾರವೆಂದರೆ ಆ 30 ಮಿಲಿಸೆಕೆಂಡು ನಿಮ್ಮನ್ನು ಹಿಂದೆ ಹಿಡಿದಿಡುವುದು. ಸ್ಟಿಯರಿಂಗ್ ನಡುವಿನಿಂದ ನಿಮ್ಮ ಎದೆಮೂಳೆಗೆ ಕನಿಷ್ಠ 25 ಸೆಂಟಿಮೀಟರ್ ದೂರವಿರಲಿ ಎಂಬುದು ತಜ್ಞರ ಸಲಹೆ. ಕುಳ್ಳಗಿರುವವರು ಸೀಟನ್ನು ಮುಂದಕ್ಕೆಳೆಯುವ ಬದಲು, ಸಾಧ್ಯವಿದ್ದರೆ ಮೇಲಕ್ಕೆತ್ತಿ, ಸ್ಟಿಯರಿಂಗನ್ನು ಎದೆಯ ಕಡೆಗೆ ಬಾಗಿಸಿಕೊಂಡು ಈ ದೂರ ಉಳಿಸಿಕೊಳ್ಳಬಹುದು. ಪಕ್ಕದ ಸೀಟಿನವರು ಡ್ಯಾಶ್‌ಬೋರ್ಡಿನ ಮೇಲೆ ಕಾಲು ಚಾಚಿದರೆ ಆ ಚೀಲ ಮಂಡಿಯನ್ನು ಮುಖಕ್ಕೆ ತಂದು ಬಡಿಯುತ್ತದೆ. ಏರ್‌ಬ್ಯಾಗಿನ ಮುಚ್ಚಳದ ಮೇಲೆ ಅಂಟಿಸಿದ ದೇವರ ಮೂರ್ತಿ, ಸೆಂಟಿನ ಬಾಟಲಿ ಮೊದಲು ಹಾರುವುದು ಕೂತವರ ಮುಖಕ್ಕೆ. ಮೂರ್ತಿಗೆ ಬೇರೆ ಜಾಗ ಹುಡುಕಿ. ಪಕ್ಕದ ಏರ್‌ಬ್ಯಾಗು ಸೀಟಿನ ಬೆನ್ನಲ್ಲೇ ಇರುವ ಕಾರಿಗೆ ಎಲ್ಲಾ ಕಡೆ ಮುಚ್ಚುವ ಸೀಟ್ ಕವರ್ ಹಾಕಿಸಿದರೆ, ಚೀಲ ಹೊರಬರುವ ಹೊಲಿಗೆಯೇ ಮುಚ್ಚಿಹೋಗುತ್ತದೆ.

ಹಿಂದಿನ ಸೀಟಿನವರಿಗೆ ಬೆಲ್ಟ್ ಬೇಡ ಎಂಬ ಭಾವನೆ ಇನ್ನೂ ಗಟ್ಟಿಯಾಗಿದೆ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಸೇತುವೆಯ ಗೋಡೆಗೆ ಕಾರು ಬಡಿದು ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಾಗ, ಆ ಕಾರಿನ ಹಿಂದಿನ ಸೀಟಿನಲ್ಲಿದ್ದ ಇಬ್ಬರೂ ಬೆಲ್ಟ್ ಹಾಕಿರಲಿಲ್ಲ, ಇಬ್ಬರೂ ಉಳಿಯಲಿಲ್ಲ. ಮುಂದಿದ್ದ ಇಬ್ಬರು ತೀವ್ರವಾಗಿ ಗಾಯಗೊಂಡರೂ ಬದುಕಿದರು. ದುಬಾರಿ ಕಾರು, ಒಳ್ಳೆಯ ಏರ್‌ಬ್ಯಾಗುಗಳು ಎಲ್ಲ ಇದ್ದವು. ಬೆಲ್ಟ್ ಹಾಕದೆ ಹಿಂದೆ ಕೂತವರು ತಮ್ಮ ಜೀವವೊಂದನ್ನೇ ಪಣಕ್ಕಿಡುವುದಿಲ್ಲ, 20 ಪಟ್ಟು ಭಾರವಾಗಿ ಮುಂದಿನ ಸೀಟಿನವರ ಬೆನ್ನಿಗೂ ಬಂದು ಬೀಳುತ್ತಾರೆ. ಹಿಂದಿನ ಸೀಟಿನ ಬೆಲ್ಟ್ ನಮ್ಮ ನಿಯಮಗಳಲ್ಲೂ ಕಡ್ಡಾಯ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಬೆಲ್ಟ್ ಇಲ್ಲದಿದ್ದರೆ ಸಾವಿರ ರೂಪಾಯಿ ದಂಡ ಎನ್ನುತ್ತದೆ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಭದ್ರಪಡಿಸದಿದ್ದರೂ ಅಷ್ಟೇ ದಂಡ.

ಮಕ್ಕಳ ವಿಷಯದಲ್ಲಿ ಮಾತ್ರ ನಾನು ರಾಜಿಯಿಲ್ಲದೆ ಹೇಳುತ್ತೇನೆ. ಹತ್ತು ಕಿಲೋದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ತಾಯಿ, ಏನಾದರೂ ಆದರೆ ಅಪ್ಪಿ ಹಿಡಿಯುತ್ತೇನೆ ಎಂದುಕೊಂಡಿರುತ್ತಾಳೆ. 50 ಕಿಲೋಮೀಟರ್ ವೇಗದ ಡಿಕ್ಕಿಯಲ್ಲಿ ಆ ಮಗುವನ್ನು ಹಿಡಿದಿಡಲು ಬೇಕಾದ ಬಲ ಸುಮಾರು 200 ಕಿಲೋ ತೂಕದಷ್ಟು. ಯಾವ ತಾಯಿಯ ತೋಳಿಗೂ ಅದು ಸಾಧ್ಯವಿಲ್ಲ. ಇದು ಪ್ರೀತಿಯ ಕೊರತೆಯಲ್ಲ, ಸ್ನಾಯುವಿನ ಮಿತಿ. ಒಂದೇ ಬೆಲ್ಟನ್ನು ಇಬ್ಬರಿಗೂ ಸೇರಿಸಿ ಹಾಕಿದರೆ ಇನ್ನೂ ಕೆಟ್ಟದು, ದೊಡ್ಡವರ ಭಾರಕ್ಕೂ ಬೆಲ್ಟಿಗೂ ನಡುವೆ ಮಗು ಸಿಕ್ಕಿಕೊಳ್ಳುತ್ತದೆ. ಹಸುಗೂಸಿನ ತಲೆ ದೇಹಕ್ಕೆ ಹೋಲಿಸಿದರೆ ಬಹಳ ದೊಡ್ಡದು, ಕತ್ತು ಎಳೆಯದು. ಅದಕ್ಕಾಗಿ ಅವರ ಸೀಟನ್ನು ಹಿಮ್ಮುಖವಾಗಿ ಕೂಡಿಸುತ್ತಾರೆ. ಡಿಕ್ಕಿಯ ಬಲ ಆಗ ಕತ್ತಿನ ಮೇಲೆ ಬೀಳದೆ ಬೆನ್ನು, ತಲೆ ಎಲ್ಲಕ್ಕೂ ಹಂಚಿಹೋಗುತ್ತದೆ. ಇಂಥ ಹಿಮ್ಮುಖ ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಎಂದೂ ಇಡಬಾರದು. ಉಬ್ಬುವ ಚೀಲ ನೇರ ಮಗುವಿನ ತಲೆಯ ಹಿಂದೆಯೇ ಬಡಿಯುತ್ತದೆ. ದೊಡ್ಡವರ ಬೆಲ್ಟ್ ಮಗುವಿಗೆ ಸರಿಹೊಂದುವುದು ಎತ್ತರ ಸುಮಾರು 145 ಸೆಂಟಿಮೀಟರ್ ಮುಟ್ಟಿದ ಮೇಲೆ. ಅಲ್ಲಿಯವರೆಗೆ ಎತ್ತರಿಸುವ ಬೂಸ್ಟರ್ ಬೇಕು. ಸನ್‌ರೂಫಿನಿಂದ ಅರ್ಧ ಮೈ ಹೊರಗೆ ಚಾಚಿ ನಿಂತ ಮಗುವಿಗೆ ಈ ಯಾವ ರಕ್ಷಣೆಯೂ ಇಲ್ಲ. ಅದನ್ನು ನೋಡಿ ನಗುವ ಅಪ್ಪ ಅಮ್ಮಂದಿರನ್ನು ಬೆಂಗಳೂರಿನ ರಸ್ತೆಗಳಲ್ಲಿ ಕಂಡಾಗ ಎದೆ ಝಲ್ಲೆನ್ನುತ್ತದೆ.

ತಲೆಯ ಹಿಂದಿನ ಹೆಡ್‌ರೆಸ್ಟ್ ಒರಗಲು ಕೊಟ್ಟದ್ದಲ್ಲ. ಹಿಂದಿನಿಂದ ಯಾರಾದರೂ ಗುದ್ದಿದಾಗ ಸೀಟು ಬೆನ್ನನ್ನು ಮುಂದಕ್ಕೆ ತಳ್ಳುತ್ತದೆ, ತಲೆ ಇದ್ದಲ್ಲೇ ಉಳಿಯುತ್ತದೆ, ನಡುವಿನ ಕತ್ತು ಅಂಕುಡೊಂಕಾಗಿ ಬಾಗುತ್ತದೆ. ಹೆಡ್‌ರೆಸ್ಟಿನ ಮೇಲಂಚು ನೆತ್ತಿಯ ಮಟ್ಟಕ್ಕಿರಲಿ, ತಲೆಗೂ ಅದಕ್ಕೂ ಆದಷ್ಟು ಕಡಿಮೆ ಅಂತರವಿರಲಿ. ತೀರ ಕೆಳಗಿಳಿಸಿದ ಹೆಡ್‌ರೆಸ್ಟ್ ಕತ್ತಿಗೆ ಸನ್ನೆಗೋಲಿನ ಆನಿಕೆಯಾಗಿ ಗಾಯವನ್ನು ಹೆಚ್ಚಿಸುತ್ತದೆ. ಗಾಜು ಒಡೆಯಲೆಂದೇ ಅದನ್ನು ಕೀಳುವಂತೆ ಮಾಡಿದ್ದಾರೆ ಎಂಬ ವಾಟ್ಸಾಪ್ ಸಂದೇಶ ನಿಜವಲ್ಲ. ಎತ್ತರ ಹೊಂದಿಸಲು ಕಂಬಿಗಳನ್ನು ಕೊಟ್ಟಿದ್ದಾರೆ, ಅಷ್ಟೆ.

ಗಾಜಿನ ಮಾತು ಬಂದದ್ದರಿಂದ ನೀರಿನದನ್ನೂ ಹೇಳಿಬಿಡಬೇಕು. 2023ರ ಮೇ ತಿಂಗಳ ಮಳೆಯಲ್ಲಿ ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಜೀವ ಕಳೆದುಕೊಂಡರು. ಬಾಗಿಲಿನ ಒಂದು ಚದರ ಮೀಟರ್ ಭಾಗ ನೀರಿನಲ್ಲಿ ಮುಳುಗಿ, ಸರಾಸರಿ ಆಳ ಅರ್ಧ ಮೀಟರ್ ಇದ್ದರೂ ಹೊರಗಿನಿಂದ ಒತ್ತುವ ಬಲ 500 ಕಿಲೋ ತೂಕದಷ್ಟಾಗುತ್ತದೆ. ಬಾಗಿಲು ತಳ್ಳುತ್ತ ಸಮಯ ಕಳೆಯಬಾರದು. ಬೆಲ್ಟ್ ಬಿಚ್ಚಿ, ಪವರ್ ವಿಂಡೋ ಇನ್ನೂ ಕೆಲಸ ಮಾಡುತ್ತಿರುವಾಗಲೇ ಗಾಜು ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ಕಳಿಸಿ, ಹಿಂದೆಯೇ ನೀವೂ ಹೊರಬನ್ನಿ. ಗಾಜು ಇಳಿಯದಿದ್ದರೆ ಚೂಪಾದ ಸುತ್ತಿಗೆಯಿಂದ ಪಕ್ಕದ ಗಾಜಿನ ಮೂಲೆಗೆ ಹೊಡೆಯಿರಿ. ಮುಂದಿನ ಗಾಜು ಎರಡು ಪದರದ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟದ್ದು, ಒಡೆದರೂ ದಾರಿ ಕೊಡುವುದಿಲ್ಲ. ತುಂಬಿದ ಅಂಡರ್‌ಪಾಸಿಗೆ ಇಳಿಯದಿರುವುದು ಇವೆಲ್ಲಕ್ಕಿಂತ ಮೊದಲಿನದು.

ಕೀಲಿಯ ವಿಷಯ ಬೇಗ ಮುಗಿಸಬಹುದು. ಈಗಿನ ಕೀಲಿಯೊಳಗೆ ಬ್ಯಾಟರಿ ಬೇಡದ ಒಂದು ಚಿಪ್ ಇರುತ್ತದೆ. ಕಾರಿನ ತಂತಿಸುರುಳಿಯ ಕಾಂತಕ್ಷೇತ್ರದಿಂದಲೇ ಅದು ಶಕ್ತಿ ಪಡೆದು ತನ್ನ ಗುರುತು ಹೇಳುತ್ತದೆ. ಗುರುತು ತಾಳೆಯಾಗದಿದ್ದರೆ ಎಂಜಿನ್ ಚಾಲೂ ಆಗುವುದಿಲ್ಲ. ಪುಶ್ ಬಟನ್ ಕಾರಿನ ಕೀಲಿಯ ಸೆಲ್ ಸತ್ತಾಗ ಗಾಬರಿ ಬೇಡ. ಕೀಲಿಯೊಳಗೆ ಅಡಗಿದ ಲೋಹದ ಕೀಲಿಯಿಂದ ಬಾಗಿಲು ತೆಗೆದು, ಕೀಲಿಯನ್ನು ಬಟನ್ನಿಗೆ ಅಥವಾ ಕೈಪಿಡಿಯಲ್ಲಿ ಹೇಳಿದ ಜಾಗಕ್ಕೆ ತಾಗಿಸಿ ಒತ್ತಿದರೆ ಈ ಚಿಪ್‌ನಿಂದಲೇ ಕಾರು ಹೊರಡುತ್ತದೆ. ಜೇಬಿನಲ್ಲಿದ್ದರೆ ಸಾಕು, ಬಾಗಿಲು ತೆರೆಯುತ್ತದೆ ಎಂಬ ಅನುಕೂಲಕ್ಕೆ ಬೆಲೆಯೂ ಇದೆ. ಕೀಲಿ ಹತ್ತಿರದಲ್ಲಿದೆ ಎಂದು ಕಾರು ತಿಳಿಯುವುದು ಅದರ ಸಂಕೇತ ಮುಟ್ಟಿತು ಎಂಬುದರಿಂದ ಮಾತ್ರ. ಒಬ್ಬ ಕಳ್ಳ ಮನೆ ಬಾಗಿಲ ಬಳಿ, ಇನ್ನೊಬ್ಬ ಕಾರಿನ ಬಳಿ ನಿಂತು ಆ ಸಂಕೇತವನ್ನು ದಾಟಿಸಿದರೆ ಕಾರು ನಂಬಿಬಿಡುತ್ತದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಸಂಶೋಧಕರು 2011ರಲ್ಲಿ ಎಂಟು ಕಂಪನಿಗಳ ಹತ್ತು ಮಾದರಿಗಳ ಮೇಲೆ ಇದನ್ನು ಮಾಡಿ ತೋರಿಸಿದರು. ಮುಚ್ಚಳ ಬಿಗಿಯಾಗಿ ಕೂರುವ ಲೋಹದ ಡಬ್ಬಿಯಲ್ಲಿ ಕೀಲಿ ಇಟ್ಟರೆ ಅಲೆಗಳು ಬಹುಮಟ್ಟಿಗೆ ಹೊರಗೆ ಬರುವುದಿಲ್ಲ.

ಆದರೆ ಬೀಗದ ವಿಷಯದಲ್ಲಿ ನನ್ನನ್ನು ಕಾಡುವುದು ಕಳ್ಳರಲ್ಲ, ಒಳಗೆ ಉಳಿದ ಮಕ್ಕಳು. ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ. ಬಿಸಿಯಾದ ಸೀಟು, ಡ್ಯಾಶ್‌ಬೋರ್ಡುಗಳು ಹೊಮ್ಮಿಸುವ ಅವಕೆಂಪು ಕಿರಣ ಅದೇ ಗಾಜನ್ನು ದಾಟಿ ಹೊರಹೋಗಲಾರದು, ಬಿಸಿ ಗಾಳಿಗೂ ದಾರಿಯಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗಿನ ಉಷ್ಣತೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿತು. ಆ ಏರಿಕೆಯ ಶೇಕಡಾ 80 ಭಾಗ ಮೊದಲ ಅರ್ಧ ಗಂಟೆಯಲ್ಲೇ ಆಗಿತ್ತು. ಕಿಟಕಿಯನ್ನು ತುಸು ಇಳಿಸಿಟ್ಟದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಮೈಸೂರಿನ ಹಿತವಾದ 28 ಡಿಗ್ರಿಯ ಮಧ್ಯಾಹ್ನವೂ ಕಾರಿನೊಳಗೆ 50 ಡಿಗ್ರಿಯಾಗಬಲ್ಲದು. ಮಗುವಿನ ಮೈ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ಎರಡು ನಿಮಿಷದ ಔಷಧಿ ಅಂಗಡಿಯ ಕೆಲಸ ಹತ್ತು ನಿಮಿಷವಾಗುವುದು ನಮಗೆಲ್ಲ ಗೊತ್ತು. ಮಗುವನ್ನು ಜೊತೆಗೆ ಎತ್ತಿಕೊಂಡೇ ಹೋಗಿ.

ಇದರಲ್ಲಿ ಚೈಲ್ಡ್ ಲಾಕಿನ ಪಾತ್ರವೂ ಇದೆ. ಹಿಂದಿನ ಬಾಗಿಲ ಅಂಚಿನಲ್ಲಿರುವ ಆ ಪುಟ್ಟ ಗುಂಡಿ ಒತ್ತಿದರೆ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ, ಹೊರಗಿನಿಂದ ಮಾತ್ರ. ಓಡುವ ಕಾರಿನಲ್ಲಿ ಮಗು ಬಾಗಿಲು ತೆರೆಯದಿರಲಿ ಎಂಬ ಈ ಏರ್ಪಾಡು, ನಿಂತ ಕಾರಿನಲ್ಲಿ ಅದೇ ಮಗುವನ್ನು ಬಂಧಿಸುತ್ತದೆ. ಟ್ಯಾಕ್ಸಿಗಳಲ್ಲಿ ಪ್ರಯಾಣಿಕರನ್ನು ಹೀಗೆ ಬಂಧಿಸಬಾರದೆಂದೇ 2019ರ ಜುಲೈನಿಂದ ಬಾಡಿಗೆ ಕಾರುಗಳಲ್ಲಿ ಇದನ್ನು ನಿಷೇಧಿಸಿದರು. ಅದೇ ವೇಳೆಗೆ, ವಿದ್ಯುತ್ ಕೈಕೊಟ್ಟರೂ ಸೆಂಟ್ರಲ್ ಲಾಕನ್ನು ಕೈಯಿಂದ ತೆರೆಯಲು ಆಗಬೇಕೆಂಬ ನಿಯಮವೂ ಬಂತು. ನಿಲ್ಲಿಸಿದ ಕಾರನ್ನು ಮನೆಯ ಮುಂದೆಯೂ ಬೀಗ ಹಾಕಿಡಿ, ಕೀಲಿಯನ್ನು ಮಕ್ಕಳ ಕೈಗೆಟುಕದ ಕಡೆ ಇಡಿ. ಆಟಕ್ಕೆಂದು ಒಳಹೊಕ್ಕ ಮಕ್ಕಳು ಹೊರಬರಲಾಗದೆ ಹೋದ ಸುದ್ದಿಗಳು ಪ್ರತಿ ಬೇಸಿಗೆಯಲ್ಲೂ ಬರುತ್ತವೆ. ನಾಲ್ಕೈದು ವರ್ಷ ತುಂಬಿದ ಮಗುವಿಗೆ ಒಂದು ಭಾನುವಾರ ನೆರಳಿನಲ್ಲಿ ಕಾರು ನಿಲ್ಲಿಸಿ, ನೀವೂ ಜೊತೆಗಿದ್ದು, ಕಲಿಸಿಕೊಡಿ. ಹಿಂದಿನ ಬಾಗಿಲು ತೆರೆಯದಿದ್ದರೆ ಸೀಟುಗಳ ನಡುವಿನಿಂದ ಮುಂದಕ್ಕೆ ನುಸುಳಬೇಕು, ಮುಂದಿನ ಬಾಗಿಲಿಗೆ ಚೈಲ್ಡ್ ಲಾಕ್ ಇರುವುದಿಲ್ಲ, ಅದರ ಹಿಡಿಯನ್ನು ಎರಡು ಸಲ ಜಗ್ಗಿ ಎಳೆಯಬೇಕು. ಅದೂ ಬಾರದಿದ್ದರೆ ಹಾರ್ನ್. ಅನೇಕ ಕಾರುಗಳಲ್ಲಿ ಎಂಜಿನ್ ಆಫ್ ಇದ್ದರೂ ಅದು ಕೂಗುತ್ತದೆ. ನಿಮ್ಮ ಕಾರಿನಲ್ಲಿ ಕೂಗುತ್ತದೆಯೇ ನೋಡಿಕೊಳ್ಳಿ, ಮಗುವಿನ ಎರಡೂ ಅಂಗೈಗೆ ಅಷ್ಟು ಒತ್ತುವ ಶಕ್ತಿಯಿದೆಯೇ ನೋಡಿಕೊಳ್ಳಿ. ಯಾರಾದರೂ ಬರುವವರೆಗೂ ಒತ್ತುತ್ತಲೇ ಇರಬೇಕು, ಯಾರೂ ಬೈಯುವುದಿಲ್ಲ ಎಂದು ಹೇಳಿಕೊಡಿ.